ಸಂಕಲ್ಪವಿಲ್ಲದ ಹಿಂಸೆ

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನಕವಿಯು 1209ರಲ್ಲಿ ರಚಿಸಿ ಮುಗಿಸಿದ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯ ಪ್ರಸಂಗವೊಂದುಂಟು. ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದ ಅರಸನು, ಜೀವವುಳ್ಳ ಪ್ರಾಣಿಯನ್ನು ಬಲಿಗೊಡಲು ಮನಸ್ಸೊಪ್ಪದೆ, ಹಾಗೆಂದು ಹೆತ್ತವಳ ಮಾತನ್ನು ತಳ್ಳಿಹಾಕಲೂ ಆರದೆ, ಹಿಟ್ಟಿನಲ್ಲಿ ಮಾಡಿದ ಕೋಳಿಯೊಂದನ್ನು ದೇವಿಯ ಸನ್ನಿಧಿಯಲ್ಲಿ ಕಡಿಯುತ್ತಾನೆ; ಅಷ್ಟು ಮಾತ್ರದ ಕೃತ್ಯದ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಆಡು, ಕೋಣ, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಿ ಬಳಲುತ್ತಾರೆ. ರಕ್ತದ ಒಂದು ಹನಿಯೂ ನೆಲಕ್ಕೆ ಬೀಳದ ಆ ಬಲಿಯಲ್ಲಿ ಪಾಪವಿದ್ದುದು ಕತ್ತಿಯನ್ನೆತ್ತಿದ ಮನಸ್ಸಿನಲ್ಲಿ. ಸಂಕಲ್ಪಮಾತ್ರದಿಂದಲೇ ಹಿಂಸೆ ಘಟಿಸಿಬಿಡುತ್ತದೆಯೆಂಬ ಜೈನದರ್ಶನದ ಆ ಸೂಕ್ಷ್ಮವಿಚಾರವನ್ನು ಕನ್ನಡದಲ್ಲಿ ಅಷ್ಟು ಮನಮುಟ್ಟುವಂತೆ ಕಥೆಯಾಗಿಸಿದ ಕವಿ ಮತ್ತೊಬ್ಬನಿಲ್ಲ.

ಎಂಟುನೂರು ವರ್ಷಗಳ ತರುವಾಯ ಬಾಳುತ್ತಿರುವ ನಮ್ಮೆದುರಿಗೆ ಇದರ ವಿಲೋಮವಾದ ಸಮಸ್ಯೆಯೊಂದು ಬಂದು ನಿಂತಿದೆ. ಅಲ್ಲಿ ಸಂಕಲ್ಪವಿತ್ತು, ಪ್ರಾಣಿಯಿರಲಿಲ್ಲ. ಇಲ್ಲಿ ಕೋಟ್ಯಂತರ ಪ್ರಾಣಿಗಳಿವೆ, ಅವುಗಳ ವೇದನೆಯೂ ನಿಜವಾದುದು, ಆದರೆ ಅವುಗಳನ್ನು ನೋಯಿಸಬೇಕೆಂಬ ಸಂಕಲ್ಪ ಮಾತ್ರ ಯಾರೊಬ್ಬರಲ್ಲಿಯೂ ಇಲ್ಲ. ಅಂಗಡಿಯಿಂದ ಮೊಟ್ಟೆ ತರುವ ಗೃಹಿಣಿ, ಅಡುಗೆಮನೆಯ ಕಸವನ್ನು ಚೀಲದಲ್ಲಿ ಗಂಟುಕಟ್ಟಿ ಬೀದಿಯ ತಿರುವಿನಲ್ಲಿಡುವ ಗೃಹಸ್ಥ, ನರಳುತ್ತಿರುವ ಹಸುವಿಗೆ ನೋವಿನ ಔಷಧ ಕೊಡಿಸುವ ರೈತ, ಇವರಲ್ಲಿ ಯಾರನ್ನು ಕ್ರೂರಿಯೆನ್ನೋಣ? ಆಧುನಿಕ ಸಮಾಜದಲ್ಲಿ ಪ್ರಾಣಿಗಳ ಕ್ಷೇಮದ ಪ್ರಶ್ನೆಗೆ ಹಿಂದೆಂದೂ ಇರದಿದ್ದ ಮಹತ್ವ ಪ್ರಾಪ್ತವಾಗಿರುವುದಕ್ಕೆ ಕಾರಣ ಇದೇ: ಹಿಂಸೆಯು ವ್ಯಕ್ತಿಯ ಕೈಯಿಂದ ಜಾರಿ ವ್ಯವಸ್ಥೆಯೊಳಗೆ ಸೇರಿಕೊಂಡಿದೆ, ಮತ್ತು ಹಾಗೆ ಸೇರಿಕೊಂಡು ಕಣ್ಮರೆಯಾಗಿದೆ. ಆದುದರಿಂದ ಹೃದಯದಲ್ಲಿ ಹುಟ್ಟಿ ಹೃದಯದಲ್ಲಿಯೇ ನಿಲ್ಲುವ ಕರುಣೆ ಇನ್ನು ಸಾಲದು. ಅದು ತಿಳಿವಳಿಕೆಯಾಗಬೇಕು, ಅಳತೆಯಾಗಬೇಕು, ಶಾಸನವಾಗಬೇಕು.

ಕಣ್ಣೆದುರಿನ ದಯೆ

ಪ್ರಾಣಿದಯೆ ನಮ್ಮ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಕೊರೆಯಿಸಿದ ಶಾಸನದಲ್ಲಿ ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ವಿಧಿಗಳ ಜೊತೆಯಲ್ಲಿಯೇ ಜೀವಿಗಳ ವಿಷಯದಲ್ಲಿ ದೃಢವಾದ ದಯೆ ಇರಬೇಕೆಂಬ ವಿಧಿಯೂ ಸೇರಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನೂ, ದಾರಿಗಳ ಪಕ್ಕದಲ್ಲಿ ಉಭಯರ ಉಪಯೋಗಕ್ಕೆಂದು ಬಾವಿ ತೋಡಿಸಿ ಮರ ನೆಡಿಸಿದುದನ್ನೂ ಅದೇ ಚಕ್ರವರ್ತಿಯ ಮತ್ತೊಂದು ಶಾಸನ ಹೇಳುತ್ತದೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನ ಕಥೆಯಂತೂ ಇನ್ನೂ ಹೃದಯಂಗಮವಾದುದು. ಗಂಗರ ಬೂತುಗನ ಸೇವಕನಾದ ಮಣಲೇರನು, ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ ಒಡೆಯನು ಬೇಕಾದುದನ್ನು ಬೇಡೆಂದಾಗ, ಹೊನ್ನನ್ನಾಗಲಿ ಮಣ್ಣನ್ನಾಗಲಿ ಬೇಡದೆ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿದಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟನು. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಕೆತ್ತಿರುವ ಆ ಕಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ದಯೆಗೆ ಪಾತ್ರವಾದ ಪ್ರಾಣಿ ಕಣ್ಣಿಗೆ ಕಾಣುವಂತಹುದು, ಹೆಸರುಳ್ಳದ್ದು. ಕೊಟ್ಟಿಗೆಯ ಗೌರಿಯನ್ನೂ ನೊಗದ ಕೆಂದನನ್ನೂ ಮನೆಯ ಮಕ್ಕಳು ಹೆಸರು ಹಿಡಿದು ಕೂಗುತ್ತಿದ್ದರು. ಆ ಕಾಲದಲ್ಲಿ ಕ್ರೌರ್ಯವಿರಲಿಲ್ಲವೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದ ಮಾತಾದೀತು. ಹೆಗಲಿನ ಹುಣ್ಣಿನ ಮೇಲೆಯೇ ನೊಗವನ್ನಿಟ್ಟು ಹೂಡಿದವರೂ, ಮುಳ್ಳುಗೋಲಿನಿಂದ ತಿವಿದವರೂ, ಮುದಿಯಾದ ಎತ್ತನ್ನು ಬೀದಿಗೆ ಬಿಟ್ಟವರೂ ಇದ್ದೇ ಇದ್ದರು. ಆದರೆ ಕ್ರೌರ್ಯ ಹತ್ತು ಜನರ ಕಣ್ಣೆದುರಿಗೆ ನಡೆಯುತ್ತಿದ್ದುದರಿಂದ, ಹಾದುಹೋಗುವ ಹಿರಿಯನೊಬ್ಬನು ನಿಂತು ಗದರಿಸುವುದಕ್ಕೂ, ಗದರಿಸಿಕೊಂಡವನು ನಾಚುವುದಕ್ಕೂ ಅವಕಾಶವಿತ್ತು.

ಆಧುನಿಕ ಶಾಸನವೂ ಮೊದಲಿಗೆ ಹುಟ್ಟಿದುದು ಇಂತಹ ಪ್ರತ್ಯಕ್ಷವಾದ ಕ್ರೌರ್ಯವನ್ನು ತಡೆಯಲೆಂದೇ. ರಿಚರ್ಡ್ ಮಾರ್ಟಿನ್ ಎಂಬ ಸದಸ್ಯರ ಪ್ರಯತ್ನದಿಂದ 1822ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ದನ, ಕುದುರೆ, ಕುರಿಗಳನ್ನು ಹಿಂಸಿಸುವುದು ಅಪರಾಧವೆಂದು ಸಾರಿತು. ಎರಡು ವರ್ಷಗಳ ಅನಂತರ ಲಂಡನ್ನಿನಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘ ಸ್ಥಾಪಿತವಾಯಿತು. 1861ರಲ್ಲಿ ಕಲ್ಕತ್ತೆಯಲ್ಲಿ ಅಂತಹುದೇ ಸಂಘವೊಂದು ಹುಟ್ಟಿತು. ಸ್ವತಂತ್ರ ಭಾರತದಲ್ಲಿ ಈ ಕಾರ್ಯವನ್ನು ಕೈಗೆತ್ತಿಕೊಂಡವರು, ಭರತನಾಟ್ಯಕ್ಕೆ ಹೊಸ ಗೌರವವನ್ನು ತಂದುಕೊಟ್ಟ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲರು. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಆಕೆ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರಕಾರವೇ ಸಮಗ್ರವಾದ ಮಸೂದೆಯನ್ನು ತರುವುದೆಂದು ಪ್ರಧಾನಿ ನೆಹರೂ ಅವರು ಆಶ್ವಾಸನೆಯಿತ್ತ ಮೇಲೆ ಅದನ್ನು ಹಿಂತೆಗೆದುಕೊಂಡರು. ಅದರ ಪರಿಣಾಮವಾಗಿ ಬಂದುದೇ 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆ. ಅದರನ್ವಯ 1962ರಲ್ಲಿ ರಚಿತವಾದ ಪ್ರಾಣಿಕಲ್ಯಾಣ ಮಂಡಳಿಗೆ ಆಕೆಯೇ ಮೊದಲ ಅಧ್ಯಕ್ಷೆಯಾದರು.

ಮರುಕವು ಅಳತೆಗೆ ಇಳಿಯುವ ಬಗೆಯನ್ನು ನೋಡಬೇಕಾದರೆ ಈ ಕಾಯಿದೆಯ ಅಡಿಯಲ್ಲಿ 1965ರಲ್ಲಿ ಬಂದ ನಿಯಮಗಳನ್ನು ಓದಬೇಕು. ಗಾಡಿಯೆಳೆಯುವ ಪ್ರಾಣಿಯನ್ನು ದಿನವೊಂದಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸತಕ್ಕದ್ದಲ್ಲ. ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸತಕ್ಕದ್ದಲ್ಲ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೂಡತಕ್ಕದ್ದಲ್ಲ. ಆದರೆ ಈ ಶಾಸನಗಳನ್ನು ರಚಿಸಿದವರ ಮನಸ್ಸಿನಲ್ಲಿ ಪ್ರಧಾನವಾಗಿದ್ದ ಚಿತ್ರವೆಂದರೆ ಚಾವಟಿ ಹಿಡಿದ ಒಬ್ಬ ಮನುಷ್ಯ ಮತ್ತು ಅವನ ಮುಂದಿರುವ ಒಂದು ಪ್ರಾಣಿ. ಚಾವಟಿಯನ್ನು ಹಿಡಿದವರಾರೂ ಇಲ್ಲದಿದ್ದಾಗ ನೋವಿಗೆ ಹೊಣೆ ಯಾರು? ನಮ್ಮ ಕಾಲಕ್ಕೆ ವಿಶಿಷ್ಟವಾದ ಈ ಪ್ರಶ್ನೆಯನ್ನು ಮೂರು ನಿದರ್ಶನಗಳಿಂದ ವಿಶದಪಡಿಸಬಹುದು.

ಹೊಟ್ಟೆ ತುಂಬಿದ ಹಸಿವು

ಮೊದಲನೆಯದು ನಗರದ ಹಸು. ಮೇವಿನ ಬೆಲೆಯನ್ನು ತೆತ್ತು ತೀರದ ಗೋಪಾಲಕನು ಬೆಳಗಿನ ಹಾಲು ಕರೆದುಕೊಂಡು ಬೀದಿಗೆ ಬಿಟ್ಟ ಹಸು ಕಸದ ರಾಶಿಯ ಬಳಿಗೆ ಬರುತ್ತದೆ. ಪ್ಲಾಸ್ಟಿಕ್ ಚೀಲದೊಳಗಿನ ಅನ್ನದ, ಹಣ್ಣಿನ ಸಿಪ್ಪೆಯ, ಉಪ್ಪುಹುಳಿಯ ವಾಸನೆ ಅದನ್ನು ಕರೆಯುತ್ತದೆ. ಚೀಲದ ಬಾಯಿಗೆ ಗಂಟು ಬಿದ್ದಿರುವುದರಿಂದ ಒಳಗಿನದನ್ನು ಬೇರ್ಪಡಿಸಿ ತಿನ್ನುವ ಉಪಾಯ ಅದಕ್ಕಿಲ್ಲ. ಮೇಲುದವಡೆಯ ಮುಂಭಾಗದಲ್ಲಿ ಹಲ್ಲಿಲ್ಲದ ಈ ಪ್ರಾಣಿ ನಾಲಗೆಯನ್ನು ಸುತ್ತಿ ಮೇವನ್ನು ಸೆಳೆದು, ಆಗ ಹೆಚ್ಚು ಅಗಿಯದೆ ನುಂಗಿ, ಆಮೇಲೆ ಬಿಡುವಾಗಿ ಮೆಲುಕು ಹಾಕುವಂತಹುದು. ಹುಲ್ಲುಗಾವಲಿನಲ್ಲಿ ಅದಕ್ಕೆ ಅನುಕೂಲವಾಗಿದ್ದ ಪ್ರಕೃತಿಧರ್ಮವೇ ಇಲ್ಲಿ ಅದರ ವಿನಾಶಕ್ಕೆ ಕಾರಣವಾಗುತ್ತದೆ. ಚೀಲ ಸಮೇತವಾಗಿ ಒಳಗೆ ಹೋದುದು ರೂಮೆನ್ ಎಂಬ ಮೊದಲನೆಯ ಜಠರಭಾಗವನ್ನು ಸೇರಿ ಅಲ್ಲಿಯೇ ನಿಲ್ಲುತ್ತದೆ. ಕರಗುವುದಿಲ್ಲ, ಮುಂದಕ್ಕೆ ಸಾಗುವುದಿಲ್ಲ. ಒಂದರ ಮೇಲೊಂದು ಸೇರಿ, ಹೆಣೆದುಕೊಂಡು, ಹಗ್ಗದ ಉಂಡೆಯಂತೆ ಗಟ್ಟಿಯಾಗುತ್ತದೆ.

ಅನಂತರ ನಡೆಯುವುದು ವಿಚಿತ್ರವಾದ ಉಪವಾಸ. ಹೊಟ್ಟೆ ತುಂಬಿರುವುದರಿಂದ ಹಸುವಿಗೆ ಮೇವಿನ ಬಯಕೆ ಹುಟ್ಟದು. ತುಂಬಿರುವುದು ಆಹಾರವಲ್ಲವಾದುದರಿಂದ ಮೈ ದಿನದಿನಕ್ಕೂ ಒಣಗುತ್ತದೆ. ಮೆಲುಕು ನಿಲ್ಲುತ್ತದೆ, ಎಡಪಕ್ಕೆ ಉಬ್ಬುತ್ತದೆ, ಹಾಲು ಬತ್ತುತ್ತದೆ. ಕಸದಲ್ಲಿದ್ದ ಸೂಜಿ ಮೊಳೆಗಳು ಒಳಹೊಕ್ಕರಂತೂ ಜಠರದ ಎರಡನೆಯ ಭಾಗದಲ್ಲಿ ನೆಲಸಿ, ನಡುವಣ ತೆಳುವಾದ ಪೊರೆಯನ್ನು ಚುಚ್ಚಿ ಹೃದಯದ ಕೋಶವನ್ನೇ ಮುಟ್ಟುವುದುಂಟು. ಎಡಪಕ್ಕೆಯನ್ನು ಸೀಳಿ ಕೈಯಿಂದ ಈ ಕಸವನ್ನು ಹೊರತೆಗೆಯುವ ಪಶುವೈದ್ಯರು ಒಂದೊಂದು ಹಸುವಿನಿಂದ ಹತ್ತಾರು ಕಿಲೋಗ್ರಾಮ್ ಪ್ಲಾಸ್ಟಿಕ್ಕನ್ನು ತೆಗೆದ ಸಂದರ್ಭಗಳಿವೆ. ಹಸುವಿಗೆ ಹಣೆಮುಟ್ಟಿ ನಮಸ್ಕರಿಸುವ ಕೈಯೇ ಆ ಚೀಲಕ್ಕೆ ಗಂಟು ಹಾಕಿದ್ದಿರಬಹುದು. ಆ ನಮಸ್ಕಾರದಲ್ಲಿ ಕಪಟವಿಲ್ಲ. ಗಂಟಿನಲ್ಲಿ ದ್ವೇಷವೂ ಇಲ್ಲ. ಕೊರತೆಯಾದುದು ಇವೆರಡರ ನಡುವಿನ ಸಂಬಂಧದ ಅರಿವು. 2016ರಲ್ಲಿ ಕರ್ನಾಟಕ ಸರಕಾರವು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಆದರೆ ಹಸಿಕಸವನ್ನು ಬೇರೆಯಾಗಿರಿಸುವ ಅಭ್ಯಾಸ ಮನೆಮನೆಯಲ್ಲಿ ನೆಲೆಗೊಳ್ಳದೆ ನಿಷೇಧವೊಂದೇ ಹಸುವಿನ ಹೊಟ್ಟೆಯನ್ನು ಕಾಯಲಾರದು.

ತಂತಿಯ ನೆಲದ ಮೇಲೆ

ಎರಡನೆಯದು ಕೋಳಿ. ಹಳ್ಳಿಯ ಹಿತ್ತಿಲಿನಲ್ಲಿ ಹೇಂಟೆಯೊಂದು ಮೊಟ್ಟೆಯಿಡುವ ಮುನ್ನ ಪಡುವ ಪಾಡನ್ನು ಗಮನಿಸಿದವರಿಗೆ ಅದರ ಮನಸ್ಸಿನ ಪರಿಚಯವಾಗುತ್ತದೆ. ಮೂಲೆಮೂಲೆಗಳನ್ನು ಇಣಿಕಿ ನೋಡಿ, ಒಂದನ್ನು ಬಿಟ್ಟು ಮತ್ತೊಂದನ್ನು ಪರೀಕ್ಷಿಸಿ, ಕೊನೆಗೆ ಮಬ್ಬುಗತ್ತಲೆಯ ಮಕ್ಕರಿಯನ್ನೋ ಹುಲ್ಲಿನ ಮರೆಯನ್ನೋ ಆಯ್ದುಕೊಂಡು, ಎದೆಯಿಂದ ಒತ್ತಿ ಗುಳಿ ಮಾಡಿಕೊಂಡು ಕೂಡುತ್ತದೆ. ಉಳಿದ ಹೊತ್ತಿನಲ್ಲಿ ತಿಪ್ಪೆಯನ್ನು ಕೆದರುವುದು, ಬಿಸಿಲಿನಲ್ಲಿ ಧೂಳನ್ನು ರೆಕ್ಕೆಯೊಳಕ್ಕೆ ಎರಚಿಕೊಂಡು ಮೀಯುವುದು, ಸಂಜೆಗೆ ಎತ್ತರವಾದ ಕೊಂಬೆಯನ್ನೇರುವುದು, ಇವು ಅದರ ದಿನಚರಿ. ಇವೆಲ್ಲ ಯಾರೂ ಕಲಿಸದೆ ಅದರ ರಕ್ತದಲ್ಲಿ ಬಂದ ಪ್ರವೃತ್ತಿಗಳು. ಪಂಜರದಲ್ಲಿ ಹುಟ್ಟಿ ಬೆಳೆದ ಕೋಳಿಯಲ್ಲಿಯೂ ಇವು ಅಳಿಯುವುದಿಲ್ಲ.

ನಾಮಕ್ಕಲ್ಲಿನಂತಹ ಕೇಂದ್ರಗಳಿಂದ ದೇಶದ ಉದ್ದಗಲಕ್ಕೂ ಹೋಗುವ ಮೊಟ್ಟೆಯ ಹಿಂದಿರುವ ಹೇಂಟೆಗೆ ಈ ಯಾವುದಕ್ಕೂ ಅವಕಾಶವಿಲ್ಲ. ಸಾಲುಸಾಲಾಗಿ ಜೋಡಿಸಿದ ತಂತಿಯ ಪಂಜರದಲ್ಲಿ ಅದರ ಪಾಲಿಗೆ ಬರುವ ಸ್ಥಳ ಬರೆಯುವ ಹಾಳೆಯೊಂದರ ವಿಸ್ತಾರಕ್ಕಿಂತ ಕಡಿಮೆ. ರೆಕ್ಕೆಯನ್ನು ಪೂರ್ಣವಾಗಿ ಬಿಚ್ಚುವಂತಿಲ್ಲ. ಕಾಲ ಕೆಳಗಿರುವುದು ಮೊಟ್ಟೆಯು ತಾನಾಗಿ ಉರುಳಿ ಹೊರಬರಲೆಂದು ಇಳಿಜಾರು ಮಾಡಿದ ತಂತಿಯ ಜಾಲರಿ. ಕಾಡಿನಲ್ಲಿರುವ ಅದರ ಪೂರ್ವಜರು ವರ್ಷದಲ್ಲಿ ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟರೆ, ಆಯ್ದು ಬೆಳೆಸಿದ ಈ ತಳಿ ಸುಮಾರು 300 ಮೊಟ್ಟೆಗಳನ್ನಿಡುತ್ತದೆ. ಅಷ್ಟು ಚಿಪ್ಪಿಗೆ ಬೇಕಾದ ಸುಣ್ಣವನ್ನು ಆಹಾರ ಪೂರೈಸದಾದಾಗ ದೇಹವು ಅದನ್ನು ತನ್ನ ಮೂಳೆಗಳಿಂದಲೇ ತೆರುತ್ತದೆ; ಮೂಳೆಗಳು ಸವೆದು ಮುರಿಯುತ್ತವೆ. ಹೀಗೆ ಸಾಕುವ ರೈತನು ನಿರ್ದಯನೆಂದು ಭಾವಿಸಬಾರದು. ಮೆಕ್ಕೆಜೋಳ, ಸೋಯಾಗಳ ಬೆಲೆ ಅವನ ಕೈಯಲ್ಲಿಲ್ಲ; ಮೊಟ್ಟೆಯ ಬೆಲೆಯೂ ಅವನ ಕೈಯಲ್ಲಿಲ್ಲ; ಸಾಲದ ಕಂತಿನ ದಿನ ಮಾತ್ರ ನಿಶ್ಚಿತವಾಗಿರುವ ಬದುಕಿನಲ್ಲಿ ಪಂಜರವನ್ನು ದೊಡ್ಡದು ಮಾಡೆಂದು ಅವನೊಬ್ಬನಿಗೇ ಉಪದೇಶಿಸುವುದು ನ್ಯಾಯವಲ್ಲ.

ಈ ನೋವನ್ನು ಮೊದಲು ಲೋಕದ ಮುಂದಿಟ್ಟವರು ಇಂಗ್ಲೆಂಡಿನ ರೂತ್ ಹ್ಯಾರಿಸನ್. 1964ರಲ್ಲಿ ಪ್ರಕಟವಾದ ಆಕೆಯ ಪುಸ್ತಕದಿಂದೆದ್ದ ಕಳವಳಕ್ಕೆ ಉತ್ತರವಾಗಿ ಅಲ್ಲಿನ ಸರಕಾರವು ಬ್ರ್ಯಾಂಬೆಲ್ ಸಮಿತಿಯನ್ನು ನೇಮಿಸಿತು. 1965ರಲ್ಲಿ ವರದಿಯೊಪ್ಪಿಸಿದ ಆ ಸಮಿತಿಯು, ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈಯನ್ನು ಒಪ್ಪಮಾಡಿಕೊಳ್ಳಲು, ಅಂಗಗಳನ್ನು ಚಾಚಲು ಪ್ರತಿಯೊಂದು ಸಾಕುಪ್ರಾಣಿಗೂ ಅವಕಾಶವಿರಬೇಕೆಂದು ಹೇಳಿತು. ಅಷ್ಟು ಸಾಮಾನ್ಯವಾದ ಮಾತನ್ನು ಸರಕಾರದ ಸಮಿತಿಯೊಂದು ಬರೆದು ಹೇಳಬೇಕಾಗಿ ಬಂದುದರಿಂದಲೇ ಪರಿಸ್ಥಿತಿಯ ಗಾಂಭೀರ್ಯ ವೇದ್ಯವಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಬರಿಯ ತಂತಿಯ ಪಂಜರಗಳು 2012ರಿಂದ ನಿಷಿದ್ಧವಾದವು. ನಮ್ಮಲ್ಲಿಯೂ 1960ರ ಕಾಯಿದೆ, ಯುಕ್ತಮಟ್ಟಿನ ಚಲನೆಗೆ ಎಡೆಗೊಡದ ಪಂಜರದಲ್ಲಿ ಪ್ರಾಣಿಯನ್ನಿಡುವುದನ್ನು ಹಿಂಸೆಯೆಂದೇ ಪರಿಗಣಿಸಿದೆ. ಕೋಳಿಗಳ ಪಂಜರದ ವಿಷಯವನ್ನು ಕಾನೂನು ಆಯೋಗವು 2017ರ ವರದಿಯೊಂದರಲ್ಲಿ ವಿಶೇಷವಾಗಿ ಎತ್ತಿಕೊಂಡಿದೆ. ಮಾತು ಗ್ರಂಥದಲ್ಲಿದೆ, ಅದು ಕೋಳಿಯವರೆಗೆ ಇನ್ನೂ ತಲಪಿಲ್ಲ.

ಮರುಕವೇ ವಿಷವಾದಾಗ

ಮೂರನೆಯ ನಿದರ್ಶನ ಎಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದುದು. ಏಕೆಂದರೆ ಇಲ್ಲಿ ಅನರ್ಥದ ಮೂಲದಲ್ಲಿದ್ದುದು ದಯೆಯೇ. ಡೈಕ್ಲೊಫಿನ್ಯಾಕ್ ಎಂಬ ನೋವುನಿವಾರಕವು 1990ರ ದಶಕದಲ್ಲಿ ಅಗ್ಗವಾಗಿ ದೊರೆಯತೊಡಗಿತು. ಕಾಲು ಬಾತು ಕುಂಟುವ ಎತ್ತಿಗೆ, ಕೆಚ್ಚಲು ಬಾವು ಬಂದು ನರಳುವ ಹಸುವಿಗೆ ರೈತರು ಅದನ್ನು ಕೊಡಿಸಿದರು. ಪ್ರಾಣಿಗೆ ಆರಾಮವೂ ಆಯಿತು. ಅದೇ ಕಾಲದಲ್ಲಿ ಆಕಾಶದಿಂದ ರಣಹದ್ದುಗಳು ಮಾಯವಾಗತೊಡಗಿದವು. ಕಾರಣ ತಿಳಿಯದೆ ವರ್ಷಗಳು ಕಳೆದ ಮೇಲೆ, 2004ರಲ್ಲಿ ವಿಜ್ಞಾನಿ ಲಿಂಡ್ಸೇ ಓಕ್ಸ್ ಮತ್ತು ಅವರ ಸಂಗಡಿಗರು ಸಂಗತಿಯನ್ನು ಹೊರಗೆಡವಿದರು. ಔಷಧ ಪಡೆದ ಕೆಲವೇ ದಿನಗಳಲ್ಲಿ ಸತ್ತ ಪಶುವಿನ ಮಾಂಸವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಒಳಗಿನ ಅಂಗಗಳ ಮೇಲೆ ಬಿಳಿಯ ಪುಡಿಯಾಗಿ ಕೂಡಿ, ಹಕ್ಕಿ ಸಾಯುತ್ತಿತ್ತು. ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರೊಳಗೆ ಶೇಕಡಾ 99ಕ್ಕೂ ಹೆಚ್ಚು ಕುಸಿಯಿತು.

ಊರಾಚೆಯಲ್ಲಿ ಬಿದ್ದ ದನದ ಕಳೇಬರವನ್ನು ಗಂಟೆಗಳೊಳಗೆ ಮೂಳೆಯಾಗಿಸುತ್ತಿದ್ದ ಹಕ್ಕಿಗಳು ಹೋದ ಮೇಲೆ ಕೊಳೆಯುವ ಮಾಂಸ ಬೀದಿನಾಯಿಗಳ ಪಾಲಾಯಿತು. ನಾಯಿಗಳು ಹೆಚ್ಚಿದೆಡೆ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚಿತು. 2006ರಲ್ಲಿ ಪಶುಚಿಕಿತ್ಸೆಗೆ ಈ ಔಷಧದ ತಯಾರಿಕೆಯನ್ನು ನಿಷೇಧಿಸಲಾಯಿತು. ಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಅದರ ಸ್ಥಾನಕ್ಕೆ ಬಂದಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳೇ ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅವನ್ನೂ ನಿರ್ಬಂಧಿಸಬೇಕಾಯಿತು. ಉದ್ದಕೊಕ್ಕಿನ ರಣಹದ್ದುಗಳು ಬಂಡೆಯ ಬಿರುಕುಗಳಲ್ಲಿ ಗೂಡುಕಟ್ಟುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಎತ್ತಿನ ನೋವನ್ನು ಕಂಡು ಮರುಗಿದ ರೈತನಿಗೆ ಆಕಾಶದಲ್ಲಿರುವ ಹಕ್ಕಿಯೊಡನೆ ತನಗೆ ಸಂಬಂಧವುಂಟೆಂದು ತಿಳಿಯುವ ದಾರಿಯಿರಲಿಲ್ಲ. ಆ ದಾರಿಯನ್ನು ತೆರೆದಿಡುವ ಕರ್ತವ್ಯ ಔಷಧವನ್ನು ಪರೀಕ್ಷಿಸುವ, ಅನುಮತಿಸುವ, ಮಾರುವ ಸಂಸ್ಥೆಗಳದು.

ಮನುಷ್ಯರ ಕಷ್ಟ ಮತ್ತು ಪ್ರಾಣಿಗಳ ಕ್ಷೇಮ

ಮನುಷ್ಯರೇ ಹಸಿದಿರುವಾಗ ಪ್ರಾಣಿಗಳ ಚಿಂತೆ ಏತಕ್ಕೆ ಎಂದು ಕೇಳುವವರುಂಟು. ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಮೇಲಿನ ನಿದರ್ಶನಗಳೇ ಅದಕ್ಕೆ ಉತ್ತರವಾಗಿವೆ. ಕಸದ ಚೀಲದಿಂದ ಹಸುವನ್ನು ಕಳೆದುಕೊಂಡವನು ಬಡ ಗೋಪಾಲಕ. ಇಕ್ಕಟ್ಟಾದ ಪಂಜರಗಳಲ್ಲಿ ರೋಗ ಹರಡದಂತೆ ಬಳಸಿದ ಪ್ರತಿಜೀವಕಗಳು ಮನುಷ್ಯರ ಸೋಂಕಿಗೆ ನಾಟದಂತಾಗುವ ಅಪಾಯವಿದೆ. ಕೊಲಿಸ್ಟಿನ್ ಎಂಬ ಕಟ್ಟಕಡೆಯ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು 2019ರಲ್ಲಿ ಸರಕಾರ ನಿಷೇಧಿಸಿದುದು ಇದೇ ಕಾರಣಕ್ಕೆ. ಬೀದಿನಾಯಿಗಳ ಪ್ರಶ್ನೆಯಲ್ಲಿಯೂ ಹೀಗೆಯೇ: ಮಕ್ಕಳು ನಿರ್ಭಯವಾಗಿ ಬೀದಿಯಲ್ಲಿ ನಡೆಯಬೇಕೆಂಬ ತಾಯಿಯ ಬಯಕೆಗೂ ನಾಯಿಯ ಕ್ಷೇಮಕ್ಕೂ ವಿರೋಧವಿಲ್ಲ. ತಪ್ಪದೆ ಲಸಿಕೆ, ತಪ್ಪದೆ ಸಂತಾನಹರಣ ಚಿಕಿತ್ಸೆ, ಬೀದಿಯಲ್ಲಿ ಬೀಳದ ಕಸ, ಇವು ಎರಡನ್ನೂ ಒಟ್ಟಿಗೆ ಸಾಧಿಸುತ್ತವೆ. ಇವುಗಳಲ್ಲಿ ಯಾವುದನ್ನೂ ನೆಟ್ಟಗೆ ಮಾಡದಿರುವಾಗ ಮಗುವೂ ನಾಯಿಯೂ ಜೊತೆಯಾಗಿ ನೋಯುತ್ತವೆ.

ಪ್ರಾಣಿಯ ಕ್ಷೇಮವನ್ನು ಅಳೆಯುವುದು ಹೇಗೆಂಬುದಕ್ಕೆ ಇಂದು ಲೋಕಸಮ್ಮತವಾದ ಐದು ಸ್ವಾತಂತ್ರ್ಯಗಳಿವೆ: ಹಸಿವು ಬಾಯಾರಿಕೆಗಳಿಂದ, ಅಸೌಖ್ಯದಿಂದ, ನೋವು ಗಾಯ ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ, ಮತ್ತು ಸ್ವಭಾವಕ್ಕೆ ತಕ್ಕಂತೆ ನಡೆದುಕೊಳ್ಳುವ ಅವಕಾಶ. ನಮ್ಮ ಸಂವಿಧಾನವು 1976ರ ತಿದ್ದುಪಡಿಯಿಂದ ಜೀವಿಗಳಲ್ಲಿ ಅನುಕಂಪವನ್ನು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವಾಗಿಸಿತು. 2014ರ ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಐದು ಸ್ವಾತಂತ್ರ್ಯಗಳನ್ನು ನಮ್ಮ ಕಾಯಿದೆಯ ಅರ್ಥದೊಳಗೆ ಸೇರಿಸಿ ಓದಿತು. ಅನಂತರ ಜಲ್ಲಿಕಟ್ಟಿಗೂ ಕರಾವಳಿಯ ಕಂಬಳಕ್ಕೂ ರಾಜ್ಯಗಳು ತಂದ ತಿದ್ದುಪಡಿಗಳನ್ನು 2023ರಲ್ಲಿ ಸಂವಿಧಾನಪೀಠ ಎತ್ತಿಹಿಡಿಯಿತು. ಕೋಣದ ಬೆನ್ನಿಗೆ ಬೀಳುವ ಪೆಟ್ಟಿನ ಬಗೆಗೆ ನಾಡಿನಲ್ಲೆಲ್ಲ ವಾದವಿವಾದ ನಡೆದುದು ಒಳ್ಳೆಯದೇ ಆಯಿತು. ಆ ಶ್ರದ್ಧೆಯ ಒಂದು ಭಾಗವಾದರೂ ಯಾರೂ ನೋಡದ ಪಂಜರಕ್ಕೂ, ಉಸಿರುಗಟ್ಟುವಂತೆ ದನಕರುಗಳನ್ನು ತುಂಬಿ ರಾತ್ರಿಯಲ್ಲಿ ಸಾಗುವ ಲಾರಿಗೂ ಸಲ್ಲಬೇಕು.

ಮಾಡತಕ್ಕ ಕಾರ್ಯಗಳು ಅಸಾಧ್ಯವಾದುವಲ್ಲ. 1960ರ ಕಾಯಿದೆಯು ಮೊದಲ ಅಪರಾಧಕ್ಕೆ ವಿಧಿಸಿದ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ 50 ರೂಪಾಯಿಯವರೆಗೆ; ರೂಪಾಯಿಯ ಬೆಲೆ ಇಳಿಯುತ್ತ ಹೋದರೂ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಅದು ಹಾಗೆಯೇ ಉಳಿಯಿತು. ಅಪರಾಧಿಗೆ ತಾಗುವಂತಹ ದಂಡ ಬೇಕು. ಪಂಜರದಿಂದ ಹೊರಬರಲು ಕೋಳಿ ಸಾಕುವ ರೈತನಿಗೆ ಕಾಲಾವಕಾಶವೂ ಸಾಲದ ನೆರವೂ ಬೇಕು. ಮೊಟ್ಟೆಗೆ ನಾಲ್ಕು ಕಾಸು ಹೆಚ್ಚು ತೆರಲು ಕೊಳ್ಳುವವರಲ್ಲಿ ಅನುಕೂಲವುಳ್ಳವರು ಸಿದ್ಧರಾಗಬೇಕು. ಹೊಸ ಔಷಧವೊಂದು ಕೊಟ್ಟಿಗೆಯನ್ನು ಹೊಗುವ ಮೊದಲು ಅದು ಹದ್ದಿನ ಹೊಟ್ಟೆಯಲ್ಲಿ ಏನು ಮಾಡೀತೆಂಬ ಪರೀಕ್ಷೆ ನಡೆಯಬೇಕು. ಹಳ್ಳಿಯ ರೈತನಿಗೆ ಔಷಧದಂಗಡಿಗಿಂತ ಮುಂಚೆ ಪಶುವೈದ್ಯ ಸಿಗುವಂತಾಗಬೇಕು.

ಇವೆಲ್ಲ ಸರಕಾರ ಮಾಡುವ ಕೆಲಸಗಳೆಂದು ನಾವು ಸುಮ್ಮನಿರಲಾಗದು; ಪ್ರಜೆಗಳು ಕೇಳದ ಯಾವ ಕೆಲಸವನ್ನೂ ಸರಕಾರಗಳು ತಾವಾಗಿ ಮಾಡುವುದು ವಿರಳ. ಮತ ಕೇಳಲು ಮನೆಬಾಗಿಲಿಗೆ ಬಂದವರನ್ನು ರಸ್ತೆ, ನೀರು, ದೀಪಗಳ ಬಗೆಗೆ ಪ್ರಶ್ನಿಸುವಂತೆಯೇ ಕಸದ ವಿಂಗಡಣೆಯ ಬಗೆಗೆ, ನಾಯಿಗಳ ಲಸಿಕೆಯ ಬಗೆಗೆ, ಖಾಲಿ ಬಿದ್ದಿರುವ ಪಶುವೈದ್ಯರ ಹುದ್ದೆಗಳ ಬಗೆಗೆ ಪ್ರಶ್ನಿಸುವ ಅಭ್ಯಾಸವನ್ನು ನಾವು ಮಾಡಿಕೊಳ್ಳಬೇಕು. ಬಂದ ಉತ್ತರವನ್ನು ನೆನಪಿನಲ್ಲಿಟ್ಟು ಮುಂದಿನ ಸಲ ಲೆಕ್ಕ ಕೇಳಬೇಕು. ಯಾರ ಸಂಕಲ್ಪವೂ ಇಲ್ಲದೆ ನಡೆಯುತ್ತಿರುವ ಹಿಂಸೆ ಯಾರ ಪ್ರಯತ್ನವೂ ಇಲ್ಲದೆ ತಾನಾಗಿ ನಿಲ್ಲಲಾರದು. ಅದನ್ನು ನಿಲ್ಲಿಸುವುದಕ್ಕೆ ಬಹುಮಂದಿಯ ಸಂಕಲ್ಪ ಬೇಕು, ಮತ್ತು ಆ ಸಂಕಲ್ಪವನ್ನು ವರ್ಷವರ್ಷವೂ ಪಾಲಿಸುವ ಪೌರಧರ್ಮ ಬೇಕು.